ಮಾಲೀಕರಿಗೆ ತಿಳಿಸಲಾಗಿದೆ

ಲೆವಾಂಗರ್
೯ ಅಕ್ಟೋಬರ್ ೨೦೦೪

ಪ್ರೀತಿಯ ಒಡ್ನಿ ಅತ್ತೆ,

ಬಿಷಪ್ ಸಿಕ್ಕಿಬಿಟ್ಟ, ಅತ್ತೆ, ನಿಮ್ಮ ಬೆಕ್ಕು ಸಿಕ್ಕಿಬಿಟ್ಟ, ಈಗ ಅಡುಗೆಮನೆಯ ಬೆಂಚಿನ ಕೆಳಗೆ ಕೂತು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಾನೆ, ನನಗೋ ಕುಣಿಯಬೇಕು ಅನ್ನಿಸುತ್ತಿದೆ.

ನೀವು ಕನ್ನಡಕ ಸರಿಮಾಡಿಕೊಂಡು ಈ ಸಾಲನ್ನು ಇನ್ನೊಮ್ಮೆ ಓದುತ್ತಿದ್ದೀರಿ ಅಂತ ಗೊತ್ತು. ಸಿಕ್ಕಿದ ಅಂದರೆ ಕಳೆದುಹೋಗಿದ್ದ ಅಂತಲೇ. ಹೌದು. ಸೆಪ್ಟೆಂಬರ್ ಮೊದಲ ವಾರದಿಂದ ಅವನು ಮನೆಯಲ್ಲಿ ಇರಲಿಲ್ಲ. ಹೋವಾರ್‌ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುತ್ತಾನೆ ಅಂತ ನಾನು ಬರೆದಾಗ ಅವನು ಎಲ್ಲಿ ಮಲಗುತ್ತಿದ್ದನೋ ದೇವರಿಗೇ ಗೊತ್ತು. ಶೀತವಾಗಿತ್ತು, ಮೀನಿನ ಸಾರು ಮಾಡಿ ಕುಡಿಸಿದೆ ಅಂತ ಬರೆದದ್ದೂ ಸುಳ್ಳೇ. ಸಾರು ಮಾಡಿದ್ದು ನಿಜ, ಕುಡಿದದ್ದು ನಾವಿಬ್ಬರು.

ಹೊಸ ಮನೆಗೆ ಬಂದ ಬೆಕ್ಕನ್ನು ಮೂರು ವಾರ ಹೊರಗೆ ಬಿಡಬೇಡ ಅಂತ ನೀವು ಶಾಲೆಯ ಅಡುಗೆ ಕೆಲಸಕ್ಕೆ ಅಂತ ದೂರದ ಉತ್ತರದ ಸ್ವಾಲ್ಬಾರ್‌ಗೆ ವಿಮಾನ ಹತ್ತುವ ಮುಂಚೆ ಎರಡೆರಡು ಸಲ ಹೇಳಿದ್ದಿರಿ. ನಾನು ತಲೆಯಾಡಿಸಿದ್ದೆ. ಆದರೆ ಅವನು ಬಾಗಿಲ ಬಳಿ ಕೂತು ಎಷ್ಟು ಅಳುತ್ತಿದ್ದ ಅಂದರೆ, ಒಂದು ಮಧ್ಯಾಹ್ನ ನಾನೇ ಚಿಲಕ ತೆಗೆದೆ. ಬಾಗಿಲು ತೆಗೆದವಳು ನಾನು ಅಂತ ನೆನಪಿಟ್ಟುಕೊಂಡು ನನ್ನನ್ನು ಪ್ರೀತಿಸುತ್ತಾನೆ ಅಂದುಕೊಂಡೆ. ಅವನು ತಿರುಗಿ ಕೂಡ ನೋಡಲಿಲ್ಲ, ಬೇಲಿ ದಾಟಿ ಹೋದ.

"ಅಮ್ಮನಿಗೆ ಹೇಳ್ಬಿಡೇ" ಅಂತ ಹೋವಾರ್ ದಿನಾ ಗೋಗರೆದ. ಹೇಳಬಾರದು ಅಂತ ನಾನೇ ಆಣೆ ಹಾಕಿಸಿಕೊಂಡೆ. ಮದುವೆಯಾಗಿ ಎರಡು ತಿಂಗಳಾಗಿರಲಿಲ್ಲ, ನೀವು ನಂಬಿ ಬಿಟ್ಟುಹೋದದ್ದು ಒಂದೇ ಒಂದು ಜೀವ, ಅದನ್ನೂ ಕಳೆದೆ ಅಂತ ಹೇಗೆ ಬರೆಯಲಿ? ಕಳೆದಿದೆ ಅಂತ ಪ್ರಾಣಿಗಳ ನೋಂದಣಿ ಕಚೇರಿಗೆ ಹೇಳೋಣ ಅಂದರೆ ಅವನ ಕತ್ತಿನ ಚರ್ಮದೊಳಗಿನ ಗುರುತಿನ ಚಿಪ್ ಇರುವುದು ನಿಮ್ಮ ಹೆಸರಲ್ಲಿ, ಅವರು ಮೊದಲು ಫೋನ್ ಮಾಡುವುದು ನಿಮಗೆ. ಕಂಬಕ್ಕೆ ಚಿತ್ರ ಅಂಟಿಸೋಣ ಅಂದರೆ ನಿಮ್ಮ ತಮ್ಮ ಆಸ್ಮುನ್ ಮಾವ ಅದೇ ದಾರಿಯಲ್ಲಿ ದಿನಾ ಓಡಾಡುತ್ತಾರೆ. ಹಾಗಾಗಿ ಗುಟ್ಟಾಗಿ ಹುಡುಕಿದೆ. ಜೇಬಿನಲ್ಲಿ ಒಣಮೀನು ಇಟ್ಟುಕೊಂಡು, ಗಂಟಲು ಸರಿಮಾಡಿಕೊಳ್ಳುವವಳ ಹಾಗೆ "ಪುಸ್ ಪುಸ್" ಅನ್ನುತ್ತಾ ಊರೆಲ್ಲ ತಿರುಗಿದೆ.

ನಿನ್ನೆ ಅಂಗಡಿಯ ಹಿಂದೆ, ರಟ್ಟಿನ ಪೆಟ್ಟಿಗೆಗಳ ನಡುವೆ ಕಂಡ. ಅದೇ ಬೂದು ಪಟ್ಟೆ, ಅದೇ ಪೊದೆಬಾಲ, ಎದೆಯ ಮೇಲೆ ಅದೇ ಬಿಳಿ ಕೊರಳಪಟ್ಟಿ. ಜಾಕೆಟ್ಟಿನೊಳಗೆ ಸುತ್ತಿಕೊಂಡು ಓಡಿಬಂದೆ. ಕೈಯೆಲ್ಲ ಪರಚಿದ್ದಾನೆ, ಪರಚಲಿ.

"ಸ್ವಲ್ಪ ಗುಂಡಗಾಗಿದಾನಲ್ವೇನೇ?" ಅಂದ ಹೋವಾರ್.

"ಕಂಡವರ ಮನೇಲಿ ತಿಂದು ಮೈ ಬೆಳೆಸೋದು ನಿಮ್ಮ ಮನೆತನದ ಗುಣ" ಅಂದೆ.

ಹೆಸರು ಹಿಡಿದು ಕರೆದರೆ ಕಿವಿ ಕೂಡ ಆಡಿಸುವುದಿಲ್ಲ. ಮುಂಚೆ ಪ್ರಾಣ ಬಿಡುತ್ತಿದ್ದ ಲಿವರ್ ಪೇಸ್ಟನ್ನು ಈಗ ಮೂಸಿ ಬಿಡುತ್ತಾನೆ. ನನ್ನ ಮೇಲೆ ಕೋಪ, ಇರಬೇಕಾದ್ದೇ. ಇನ್ನು ಕಳೆಯಲು ಬಿಡುವುದಿಲ್ಲ, ಅತ್ತೆ. ವಿಳಾಸದ ಬಿಲ್ಲೆ ತಂದೆ, ಗೆಜ್ಜೆ ತಂದೆ, ಸಾಲದು ಅನ್ನಿಸಿತು. ಎಲ್ಕ್ ಜಿಂಕೆ ಬೇಟೆಯ ನಾಯಿ ಕಾಡಿನಲ್ಲಿ ಎಲ್ಲಿದೆ ಅಂತ ತಿಳಿಸುವ ರೇಡಿಯೊ ಪಟ್ಟಿ ಇರುತ್ತದಲ್ಲ, ಆಸ್ಮುನ್ ಮಾವನ ಹಳೆಯದೊಂದನ್ನು ಹೋವಾರ್ ಏನೋ ನೆಪ ಹೇಳಿ ತಂದ. ಕಟ್ಟಿ, ಆಂಟೆನಾ ಹಿಡಿದು ಬಚ್ಚಲಮನೆಯಲ್ಲಿ ನಿಂತು ಪರೀಕ್ಷೆ ಮಾಡಿದೆ. ಬೆಕ್ಕು ಬೆಂಚಿನ ಕೆಳಗೇ ಇದೆ ಅಂತ ಅದು ಬೀಪ್ ಬೀಪ್ ಅಂದಿತು. ಪಟ್ಟಿ ಸ್ವಲ್ಪ ಭಾರ, ಪಾಪ, ತಲೆ ಬಗ್ಗಿಸಿಕೊಂಡು ನಡೆಯುತ್ತಾನೆ.

ಬೈಯಿರಿ. ಆದರೆ ಸಿಕ್ಕಿದ ಅನ್ನುವುದನ್ನು ನೆನಪಿಟ್ಟುಕೊಂಡು ಬೈಯಿರಿ.

ನಾಚಿಕೆಯಿಂದ, ಖುಷಿಯಿಂದ,
ಇಂಗ್ವಿಲ್


ಲಾಂಗ್‌ಯೇರ್‌ಬ್ಯೆನ್
ಸ್ವಾಲ್ಬಾರ್, ೧೮ ಅಕ್ಟೋಬರ್ ೨೦೦೪

ಪ್ರೀತಿಯ ಇಂಗ್ವಿಲ್,

ಕಾಗದ ತಲುಪಿತು. ಬೈಯುವುದಿಲ್ಲ. ನಿಜ ಬರೆದೆಯಲ್ಲ, ಅಷ್ಟು ಸಾಕು.

ಇಲ್ಲಿ ಇನ್ನೊಂದು ವಾರದಲ್ಲಿ ಸೂರ್ಯ ಪೂರ್ತಿ ಮುಳುಗುತ್ತಾನೆ, ಆಮೇಲೆ ಫೆಬ್ರವರಿಯವರೆಗೆ ಮುಖ ತೋರಿಸುವುದಿಲ್ಲ. ಶಾಲೆಯ ಅಡುಗೆಮನೆಯಲ್ಲಿ ದೀಪ ಯಾವಾಗಲೂ ಉರಿಯುತ್ತಿರುವುದರಿಂದ ನಮಗೆ ಅಷ್ಟೇನೂ ತಿಳಿಯದು. ಹಕ್ಕಿಗಳಿಗೆ ತೊಂದರೆ ಅಂತ ಇಲ್ಲಿ ಬೆಕ್ಕು ಸಾಕುವ ಹಾಗಿಲ್ಲ. ಮಕ್ಕಳು ನನ್ನ ಕೈಯಲ್ಲಿ ಬೆಕ್ಕಿನ ಕಥೆ ಹೇಳಿಸಿಕೊಳ್ಳುತ್ತಾರೆ.

ಒಂದು ಕೆಲಸ ಮಾಡು. ಅವನನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಚಿಪ್ ಓದಿಸು. ಕೆಲವೊಮ್ಮೆ ಅದು ಕತ್ತಿನಿಂದ ಭುಜಕ್ಕೆ ಜಾರುತ್ತದಂತೆ. ಸರಿಯಾಗಿದೆಯೋ ಇಲ್ಲವೋ ತಿಳಿಯಲಿ. ಮೊದಲು ಅದನ್ನು ಮಾಡು, ಆಮೇಲೆ ಉಳಿದದ್ದು. ಆ ನಾಯಿಪಟ್ಟಿ ತೆಗೆದುಬಿಡು.

ಹೋವಾರ್ ಫೋನ್ ಎತ್ತುವುದೇ ಇಲ್ಲ. ಯಾಕೆ ಅಂತ ಈಗ ಅರ್ಥವಾಯಿತು. ಅವನಿಗೆ ಸುಳ್ಳು ಹೇಳಲು ಚಿಕ್ಕಂದಿನಿಂದ ಬರುವುದಿಲ್ಲ.

ಒಡ್ನಿ


ಲೆವಾಂಗರ್
೨೬ ಅಕ್ಟೋಬರ್ ೨೦೦೪

ಪ್ರೀತಿಯ ಅತ್ತೆ,

ನಾಯಿಪಟ್ಟಿ ತೆಗೆಯೋಣ ಅಂತಲೇ ಇದ್ದೇನೆ. ಹೊರಗೆ ಹಿಮ ಬೀಳುವ ಲಕ್ಷಣ ಇದೆ, ಬಾಗಿಲು ತೆರೆದಾಗ ನುಸುಳಿದರೆ ಅಂತ ಭಯ.

ಪಶುವೈದ್ಯರ ಬಳಿ ಈ ವಾರ ಹೋಗಲಾಗಲಿಲ್ಲ. ಎಲ್ಕ್ ಬೇಟೆ ಶುರುವಾದ ಮೇಲೆ ಅಲ್ಲಿ ಗಾಯವಾದ ನಾಯಿಗಳದೇ ಸಾಲು, ಬೆಕ್ಕಿಗೆ ಗಾಬರಿಯಾಗುತ್ತದೆ. ಬುಟ್ಟಿ ಕಂಡರೂ ಅವನಿಗೆ ಆಗುವುದಿಲ್ಲ. ಮುಂದಿನ ವಾರ ನೋಡುತ್ತೇನೆ.

ಮುಂದಿನ ಕೋಣೆಗೆ ಪರದೆ ಹಾಕಿದೆವು, ಸಾಸಿವೆ ಬಣ್ಣದ್ದು. ಹೋವಾರ್ ಕುರಿಮಾಂಸ ಎಲೆಕೋಸು ಬೇಯಿಸಿದ, ತಳ ಹಿಡಿಸಿದ, ತಿಂದೆವು.

ಬಿಷಪ್ ಚೆನ್ನಾಗಿದ್ದಾನೆ. ವಿಚಿತ್ರ ಅಂದರೆ, ಹೆಸರಿಗೆ ತಿರುಗದವನು ಬೀಗದ ಕೈ ಸದ್ದಾದರೆ ಓಡಿಬರುತ್ತಾನೆ. ಹೋವಾರ್ ಕೆಲಸದಿಂದ ಬಂದು ಕೀಲಿ ಕುಲುಕಿದ ಕೂಡಲೇ ಬಾಗಿಲಿಗೆ ಹಾಜರು, ಆಮೇಲೆ ಅವನ ಮುಖ ನೋಡಿ ವಾಪಸು ಬೆಂಚಿನ ಕೆಳಗೆ.

ಈ ಊರಲ್ಲಿ ಬೆಕ್ಕು ಕಳೆದುಕೊಂಡವಳು ನಾನೊಬ್ಬಳೇ ಅಲ್ಲ. ಊರೂರಿಗೆ ಪುಸ್ತಕ ತರುವ ಲೈಬ್ರರಿ ಬಸ್ಸು ಓಡಿಸುವ ತೂರಿಡ್ ಅನ್ನುವವರೂ ಕಂಬದ ಮೇಲೆ ಚಿತ್ರ ಅಂಟಿಸಿದ್ದಾರೆ. ದೂರದಿಂದ ನೋಡಿದೆ. ಅದೂ ಬೂದುಬಣ್ಣದ್ದೇ. ನಾವು ಸಾಕುವ ಈ ಪೊದೆಗೂದಲಿನ ‘ಕಾಡುಬೆಕ್ಕು’ ತಳಿಯವು ಚಿತ್ರದಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ, ಅಲ್ಲವೇ?

ನಿಮ್ಮ
ಇಂಗ್ವಿಲ್


ಲೆವಾಂಗರ್
೩ ನವೆಂಬರ್ ೨೦೦೪

ಒಡ್ನಿ ಅತ್ತೆ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಕಾದರೆ ಧೈರ್ಯ ಆರಿಹೋಗುತ್ತದೆ.

ಅವನು ಬಿಷಪ್ ಅಲ್ಲ.

ಸೋಮವಾರ ಪಶುವೈದ್ಯರ ಬಳಿ ಹೋದೆ. ನೀವು ಹೇಳಿದಿರಿ ಅಂತ ಅಲ್ಲ. ಹೋವಾರ್ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಇಂಗ್ವಿಲ್, ನಮ್ಮ ಬಿಷಪ್ ಬಾಲದ ತುದಿ ಬಿಳಿ ಇತ್ತು" ಅಂದ. ಅಷ್ಟೇ ಅಂದು ಕೆಲಸಕ್ಕೆ ಹೋದ. ಆ ತುದಿ ಕಪ್ಪಾಗಿರುವುದನ್ನು ನಾನು ಮೊದಲ ದಿನವೇ ನೋಡಿದ್ದೆ, ಅತ್ತೆ. ನೋಡಿ, ನೋಡಿಲ್ಲ ಅಂದುಕೊಂಡೆ.

ಅಲ್ಲಿ ತುಂಬ ಬೇಟೆಗಾರರು, ನಾಯಿಗಳು. ಪಟ್ಟಿ ತೆಗೆಯುವುದನ್ನು ಮರೆತಿದ್ದೆ. ಒಬ್ಬ ಮುದುಕ ಬುಟ್ಟಿಯೊಳಗೆ ಬಗ್ಗಿ ನೋಡಿ, "ಇವನನ್ನ ಎಲ್ಕ್ ಹೊಡೆಯೋಕೆ ಕರ್ಕೊಂಡು ಹೋಗ್ತೀರೇನಮ್ಮ? ಮರ ಹತ್ತಿ ಹೊಡೀತಾನೋ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೇಜಿನ ಹಿಂದಿನ ಹೆಂಗಸು ಯಂತ್ರವನ್ನು ಅವನ ಕತ್ತಿನ ಮೇಲೆ ಆಡಿಸಿದರು. ಪರದೆ ನೋಡಿದರು. ನನ್ನನ್ನು ನೋಡಿದರು.

"ಏನು ಹೆಸರು ಅಂದ್ರಿ?"

"ಬಿಷಪ್."

"ಇಲ್ಲಿ ಪೆಲ್ಲೆ ಅಂತ ಬರ್ತಿದೆ."

"ಯಂತ್ರ ಕೆಟ್ಟಿರಬೇಕು."

"ಯಂತ್ರ ಕೆಟ್ರೆ ಸುಮ್ಮನಿರುತ್ತಮ್ಮ, ಇನ್ನೊಬ್ಬರ ಬೆಕ್ಕಿನ ಹೆಸರು ಹೇಳಲ್ಲ" ಅಂದರು. ಆಮೇಲೆ ದನಿ ತಗ್ಗಿಸದೆಯೇ, "ಇದು ತೂರಿಡ್ ಬೆಕ್ಕು. ಮೂರು ವಾರದಿಂದ ಅವರು ತಟ್ಟದ ಬಾಗಿಲಿಲ್ಲ. ನಿಮಗೆ ಎಲ್ಲಿ ಸಿಕ್ತು, ಯಾವಾಗ?"

ಯಾರೂ ನಗುತ್ತಿರಲಿಲ್ಲ ಆಗ.

ಕಂಬದ ಮೇಲಿನ ಚಿತ್ರವನ್ನು ದೂರದಿಂದ ನೋಡಿದೆ ಅಂತ ನಿಮಗೆ ಬರೆದಿದ್ದೆ. ಅದೂ ಪೂರ್ತಿ ನಿಜ ಅಲ್ಲ. ಚಿತ್ರ ಲೈಬ್ರರಿ ಬಸ್ಸಿನ ಒಳಗೂ ಇತ್ತು. ನಾನು ಅದರ ಕೆಳಗೇ ನಿಂತು ಎರಡು ಪುಸ್ತಕ ತೆಗೆದುಕೊಂಡೆ. ತೂರಿಡ್ ಮುದ್ರೆ ಒತ್ತುತ್ತಾ, "ಎಲ್ಲಾದ್ರೂ ಕಂಡ್ರೆ ಒಂದು ಮಾತು ಹೇಳಿ" ಅಂದು ಒಂದು ಚಿತ್ರ ಕೈಗೆ ಕೊಟ್ಟರು. "ಖಂಡಿತ" ಅಂದೆ.

ಪಶುವೈದ್ಯರ ಕಡೆಯಿಂದ ಫೋನ್ ಹೋದ ಕೂಡಲೇ ತೂರಿಡ್ ಬಸ್ಸನ್ನು ದಾರಿಯಲ್ಲೇ ನಿಲ್ಲಿಸಿ ಅಲ್ಲಿಗೆ ಬಂದರು. ಕೀಲಿಗೊಂಚಲು ಸದ್ದು ಕೇಳಿದ್ದೇ ಬೆಕ್ಕು ಬುಟ್ಟಿಯ ಸರಳಿಗೆ ಮುಖ ಒತ್ತಿತು. ಅವರು ಮೊದಲು ಆ ಪಟ್ಟಿ ಬಿಚ್ಚಿದರು. ಕತ್ತಿನ ಸುತ್ತ ಕೂದಲು ಸವೆದಿತ್ತು. ಅಲ್ಲಿ ಬೆರಳಾಡಿಸಿ, ಆಮೇಲೆ ನನ್ನ ಕಡೆ ತಿರುಗಿದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ನಿಮಗೆ ನಾನು ಚಿತ್ರ ಕೊಟ್ಟಿದ್ದೆ" ಅಂದರು. "ನೀವು ಮಡಚಿ ಪುಸ್ತಕದಲ್ಲಿಟ್ಕೊಂಡ್ರಿ."

"ನಮ್ಮದೂ ಕಳೆದಿತ್ತು" ಅಂದೆ.

"ಹಾಗಿದ್ರೆ ನಿಮಗೆ ಗೊತ್ತಿರಬೇಕಿತ್ತು" ಅಂದು ಬೆಕ್ಕನ್ನು ಎತ್ತಿಕೊಂಡು ಹೋದರು.

ಮನೆಗೆ ಬಂದು, ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ ಅಂತ ನೋಂದಣಿ ಕಚೇರಿಗೆ ಫೋನ್ ಮಾಡಿದೆ. ಎಂಟು ವಾರದ ಹಿಂದೆ ಮಾಡಬೇಕಿದ್ದ ಫೋನು. ಬಿಷಪ್‌ನ ವಿವರ ಹೇಳಿದೆ, ನಿಮ್ಮ ಹೆಸರು ಹೇಳಿದೆ. ಆ ಕಡೆಯ ಹುಡುಗಿ ಬೆರಳಚ್ಚು ಮಾಡುವುದು ಕೇಳಿಸುತ್ತಿತ್ತು.

"ಈ ಬೆಕ್ಕು ಸಿಕ್ಕಿದೆಯಲ್ಲ" ಅಂದಳು. "ಸೆಪ್ಟೆಂಬರ್ ಇಪ್ಪತ್ತೆಂಟು. ಸ್ಟೇನ್‌ಶೇರ್‌ನ ಪಶುವೈದ್ಯರು ಚಿಪ್ ಓದಿದಾರೆ. ಮಾಲೀಕರಿಗೆ ತಿಳಿಸಲಾಗಿದೆ."

ಬದುಕಿದ್ದಾನೆ. ಫೋನ್ ಇಟ್ಟು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎದ್ದು ಮುಖ ತೊಳೆಯುವಾಗ ಉಳಿದ ಮಾತು ತಲೆಗೆ ಹತ್ತಿತು.

ಮಾಲೀಕರು ನೀವು, ಅತ್ತೆ.

ಸಾರಿನ ಕಾಗದ ನಾನು ಬರೆದದ್ದು ಅಕ್ಟೋಬರ್ ಮೊದಲಿಗೆ. ಸಬ್ಬಸಿಗೆ ಹಾಕಿದೆ, ತಟ್ಟೆ ನೆಕ್ಕಿದ ಅಂತೆಲ್ಲ ಬರೆದಿದ್ದೆ. ಅದನ್ನು ಓದುವಾಗ ನಿಮಗೆ ಗೊತ್ತಿತ್ತು. ಕೇಳುವ ಹಕ್ಕು ನನಗಿಲ್ಲ, ಕೋಪ ಮಾಡಿಕೊಳ್ಳುವ ಹಕ್ಕಂತೂ ಇಲ್ಲವೇ ಇಲ್ಲ. ಒಂದೇ ಒಂದು ತಿಳಿಸಿ. ಅವನು ಎಲ್ಲಿದ್ದಾನೆ?

ಇಂಗ್ವಿಲ್


ಲಾಂಗ್‌ಯೇರ್‌ಬ್ಯೆನ್
೧೧ ನವೆಂಬರ್ ೨೦೦೪

ಇಂಗ್ವಿಲ್,

ಅವನು ಸ್ಪಾರ್ಬುವಿನಲ್ಲಿ, ನನ್ನ ಪಕ್ಕದ ಮನೆಯ ಗುನ್‌ವೊರ್ ಹತ್ತಿರ ಇದ್ದಾನೆ. ಚೆನ್ನಾಗಿದ್ದಾನೆ. ನಿಮ್ಮ ಮನೆಯಿಂದ ಹೊರಟು ಬೆಟ್ಟ, ಹೊಲ, ಹೆದ್ದಾರಿ ಎಲ್ಲ ದಾಟಿ ನನ್ನ ಬೀಗ ಹಾಕಿದ ಮನೆಯ ಮೆಟ್ಟಿಲಿಗೆ ಬಂದು ಕೂತಿದ್ದನಂತೆ. ಕಾಲು ಕೊಯ್ದಿತ್ತು, ಪಕ್ಕೆಲುಬು ಎಣಿಸುವ ಹಾಗಾಗಿದ್ದ. ಮೊದಲು ಅವಳಿಗೆ ಗುರುತೇ ಸಿಗಲಿಲ್ಲ. ಸ್ಟೇನ್‌ಶೇರ್‌ಗೆ ಕರೆದೊಯ್ದು ಚಿಪ್ ಓದಿಸಿದಳು.

ನನಗೆ ಫೋನ್ ಬಂದಾಗ ಆಲೂಗೆಡ್ಡೆ ಸುಲಿಯುತ್ತಿದ್ದೆ. ಆ ಗಳಿಗೆಯಲ್ಲೇ ನಿನಗೆ ಫೋನ್ ಮಾಡಬಹುದಿತ್ತು. ಹುಡುಗಿ ತಾನೇ ಹೇಳಲಿ, ನೋಡೋಣ ಅಂದುಕೊಂಡೆ. ಹೊರಗಿನಿಂದ ನೋಡಿದರೆ ಇದು ತಾಳ್ಮೆಯ ಹಾಗೆ ಕಾಣುತ್ತದೆ. ತಾಳ್ಮೆ ಅಲ್ಲ ಅದು.

ಉಳಿದದ್ದನ್ನೂ ಬರೆಯುತ್ತೇನೆ. ಅದೇ ಸಂಜೆ ನಿನ್ನ ಚಪ್ಪಲಿಯ ಕಾಗದವನ್ನು ಪೆಟ್ಟಿಗೆಯಿಂದ ತೆಗೆದು ಅಡುಗೆಮನೆಯ ಹೆಂಗಸರಿಗೆ ಓದಿ ಹೇಳಿದೆ. ಎಲ್ಲರೂ ನಕ್ಕೆವು. ಸಾರಿನ ಕಾಗದ ಬಂದಾಗ ನಾನು ಹೇಳುವ ಮೊದಲೇ ಅವರೇ "ಓದು ಓದು" ಅಂದರು. ಸಬ್ಬಸಿಗೆ ಅಂದಾಗ ಒಬ್ಬಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಪಾತ್ರೆ ತೊಳೆಯುತ್ತಿದ್ದ ಹೆಲ್ಗಾ ಮಾತ್ರ ನಗಲಿಲ್ಲ. "ಆ ಹುಡುಗಿ ನಿನಗೆ ಎಷ್ಟು ಹೆದರಿದಾಳೆ ಒಡ್ನಿ" ಅಂದಳು. ನನಗೆ ಅದು ಹೊಳೆದೇ ಇರಲಿಲ್ಲ. ನಾನು ಹೆದರಿಸುವ ಹೆಂಗಸು ಅಂತ ನನಗೆ ಯಾರೂ ಹೇಳಿರಲಿಲ್ಲ. ಬಹುಶಃ ಹೆದರಿಯೇ ಹೇಳಿರಲಿಲ್ಲ.

ಆಗಲಾದರೂ ಬರೆಯಬೇಕಿತ್ತು. ಅಷ್ಟರಲ್ಲಿ "ಸಿಕ್ಕಿಬಿಟ್ಟ" ಅಂತ ನಿನ್ನ ಕಾಗದ ಬಂತು. ಬಿಷಪ್ ಗುನ್‌ವೊರ್ ಮನೆಯಲ್ಲಿದ್ದಾನೆ, ಹಾಗಾದರೆ ನೀನು ತಂದದ್ದು ಬೇರೆ ಯಾರದೋ ಬೆಕ್ಕು, ಬೇರೆ ಯಾರೋ ಹುಡುಕುತ್ತಿದ್ದಾರೆ. ಓದುತ್ತಲೇ ಗೊತ್ತಾಯಿತು. "ಇದು ಅವನಲ್ಲ, ವಾಪಸು ಕೊಡು" ಅಂತ ಬರೆದರೆ ನನಗೆ ಮೊದಲೇ ಗೊತ್ತಿತ್ತು ಅನ್ನುವುದೂ ಬಯಲಾಗುತ್ತದೆ. ಅದಕ್ಕೆ ಜಾಣತನದಿಂದ ಚಿಪ್ ಓದಿಸು, ಜಾರಿರಬಹುದು ಅಂತ ಬರೆದೆ. ನಿನ್ನ ಕೈಯಲ್ಲೇ ನಿನ್ನನ್ನು ಹಿಡಿಸಿದೆ. ಇಲ್ಲಿಂದ ಕಾಗದ ತಲುಪಲು ಎಷ್ಟು ದಿನ ಬೇಕು ಅಂತ ನನಗೆ ಗೊತ್ತಿಲ್ಲವೇ? ಒಂದು ಫೋನ್ ಮಾಡಿದ್ದರೆ ಆ ತೂರಿಡ್‌ಗೆ ಎಷ್ಟೋ ಮೊದಲೇ ಬೆಕ್ಕು ಸಿಗುತ್ತಿತ್ತು, ಅದರ ಕತ್ತೂ ಸವೆಯುತ್ತಿರಲಿಲ್ಲ. ಅವರ ವಿಳಾಸ ವಿಚಾರಿಸಿ ಅವರಿಗೂ ಬರೆದಿದ್ದೇನೆ. ಉತ್ತರ ಬಂದಿಲ್ಲ, ಬರಬೇಕಾಗಿಯೂ ಇಲ್ಲ.

ಗೆಲ್ಲಬೇಕು ಅನ್ನಿಸಿತ್ತು ನನಗೆ. ಮಗ ಕಟ್ಟಿಕೊಂಡ ಹುಡುಗಿಯ ಮೇಲೆ ಏನನ್ನು ಗೆಲ್ಲುವುದು, ಗೆದ್ದು ಎಲ್ಲಿ ಇಟ್ಟುಕೊಳ್ಳುವುದು, ಗೊತ್ತಿಲ್ಲ.

ಬಿಷಪ್‌ನನ್ನು ಕರೆತರಲು ಹೋಗಬೇಡ. ಮತ್ತೆ ನಡೆದುಬಿಡುತ್ತಾನೆ. ಅವನು ಸ್ಪಾರ್ಬುವಿನಲ್ಲೇ ಇರಲಿ. ಡಿಸೆಂಬರ್ ಹದಿನೇಳಕ್ಕೆ ಶಾಲೆಗೆ ರಜೆ, ವಿಮಾನ ಇಳಿದು ನೇರ ಅಲ್ಲಿಗೆ ಹೋಗುತ್ತೇನೆ. ಚಿಪ್‌ನ ದಾಖಲೆಗೆ ಎರಡನೆಯ ಹೆಸರು ಸೇರಿಸಬಹುದಂತೆ. ನಿನ್ನದು ಸೇರಿಸಲೇ? ಕೇಳದೆ ಸೇರಿಸುವುದಿಲ್ಲ. ನೀನು ಬಾ ಅಂತ ಕರೆಯುವ ಮುಖ ನನಗಿಲ್ಲ, ಅದಕ್ಕೆ ಕರೆಯುತ್ತಿಲ್ಲ.

ಒಡ್ನಿ


ಲೆವಾಂಗರ್
೨೮ ನವೆಂಬರ್ ೨೦೦೪

ಒಡ್ನಿ ಅತ್ತೆ,

ಅಡುಗೆಮನೆಯವರೆಲ್ಲ ನಕ್ಕ ಸಾಲಿನವರೆಗೆ ಓದಿ ಕಾಗದ ಮಡಚಿ ಇಟ್ಟೆ. ಕೆಲವು ದಿನ ತೆಗೆಯಲಿಲ್ಲ. ಹೋವಾರ್ ಓದಿ, ಹೋಗಿ ಸೌದೆ ಸೀಳಿದ. ನಮಗೆ ಬೇಕಾದ್ದಕ್ಕಿಂತ ಬಹಳ ಸೀಳಿದ. ನನಗೆ ಕೋಪ ಬಂತು, ಅತ್ತೆ. ಹಕ್ಕಿಲ್ಲ ಅಂತ ಬರೆದಿದ್ದೆನಲ್ಲ, ಆದರೂ ಬಂತು. ಪಾತ್ರೆ ತೊಳೆಯುವ ಹೆಲ್ಗಾ ನೆನಪಾದಾಗಲೆಲ್ಲ ಅಳು ಬಂತು. ಆಮೇಲೆ ಉಳಿದ ಅರ್ಧ ಓದಿದೆ.

ನೀವು ಹೆದರಿಸುವವರೇ. ಅದನ್ನು ಹೇಳುವ ಮೊದಲನೆಯವಳು ಸೊಸೆಯೇ ಆಗಲಿ.

ಗುರುವಾರ ಲೈಬ್ರರಿ ಬಸ್ಸು ಬಂದಾಗ ಪುಸ್ತಕ ಹಿಡಿದು ರಸ್ತೆಯಲ್ಲಿ ನಿಂತಿದ್ದೆ. ತೂರಿಡ್ ಒಳಗಿಂದಲೇ, "ಹತ್ತೋದಾದ್ರೆ ಹತ್ತಿ, ಇಲ್ಲಾಂದ್ರೆ ಬಿಡಿ, ಚಳಿ ಒಳಗೆ ಬರ್ತಿದೆ" ಅಂದರು. ಹತ್ತಿದೆ. ಅವರ ಮುಂದೆ ನಿಂತು, ನನಗೆ ಮೊದಲ ದಿನವೇ ಅನುಮಾನ ಬಂದಿತ್ತು ಅಂತ ಹೇಳಿದೆ. ಚಿತ್ರ ಕೈಗೆ ಕೊಟ್ಟಾಗ ಗೊತ್ತೇ ಆಗಿತ್ತು ಅಂತಲೂ ಹೇಳಿದೆ. ಹಿಂದೆ ಇಬ್ಬರು ಹೆಂಗಸರು ಪುಸ್ತಕ ಹುಡುಕುತ್ತಿದ್ದರು, ಅವರ ಕೈ ನಿಂತುಬಿಟ್ಟಿತು. ತೂರಿಡ್ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುದ್ರೆ ಒತ್ತಿದರು.

"ಪೆಲ್ಲೆ ಈಗ ನನ್ನ ಜೊತೆ ಮಲಗಲ್ಲ" ಅಂದರು. "ಬೆಂಚಿನ ಕೆಳಗೆ ಹೋಗ್ತಾನೆ. ಅದು ನಿಮ್ಮನೆಯಲ್ಲಿ ಕಲಿತದ್ದಾ?"

"ಹೌದು."

"ಬಿಡಿಸ್ತೀನಿ" ಅಂದರು. "ನಿಮ್ಮ ಅತ್ತೆ ಕಾಗದ ಬಂತು. ಅತ್ತೆ ಸೊಸೆ ಇಬ್ಬರೂ ಒಂದೇ ಅಚ್ಚು." ಕ್ಷಮಿಸಿದೆ ಅನ್ನಲಿಲ್ಲ. ಇನ್ನೊಂದು ಪುಸ್ತಕ ಬೇಕಾ ಅಂತ ಕೇಳಿದರು. ಬೇಕು ಅಂದೆ. ಈ ಗುರುವಾರವೂ ಹೋಗುತ್ತೇನೆ, ಆ ಮುಖ ನೋಡುವುದು ಅಭ್ಯಾಸವಾಗಬೇಕು.

ಚಿಪ್‌ನ ದಾಖಲೆಗೆ ನನ್ನ ಹೆಸರು ಸೇರಿಸಿ. ಒಂದೇ ಕರಾರು. ಯಾರಿಗೆ ಮೊದಲು ಫೋನ್ ಬರುತ್ತದೋ ಅವರು ಆಲೂಗೆಡ್ಡೆ ಕೆಳಗಿಟ್ಟು ಇನ್ನೊಬ್ಬರಿಗೆ ಫೋನ್ ಮಾಡಬೇಕು. ಕಾಗದ ಅಲ್ಲ.

ನೀವು ಕರೆದಿಲ್ಲ, ನಾನು ಬರುತ್ತೇನೆ. ಹೋವಾರ್‌ಗೆ ಅವತ್ತು ಪಾಳಿ ಇದೆ, ಅವನು ಮರುದಿನ ಬರುತ್ತಾನೆ. ನಿಮ್ಮ ಎದುರು ಕೂತಾಗ ಮಾತೇ ಬಾರದೆ ಹೋಗಬಹುದು, ನಿಮಗೂ ಬಾರದೆ ಹೋಗಬಹುದು, ಆದರೂ ಬರುತ್ತೇನೆ. ಡಿಸೆಂಬರ್ ಹದಿನೆಂಟು, ಶನಿವಾರ, ಸ್ಟೇನ್‌ಶೇರ್ ಕಡೆಗೆ ಹೋಗುವ ಮಧ್ಯಾಹ್ನದ ರೈಲು, ಸ್ಪಾರ್ಬುವಿಗೆ ಒಂದೂ ಐವತ್ತಕ್ಕೆ.

ಇಂಗ್ವಿಲ್